ರಾಜೇಶ್ವರದ ದಾರಿಯಲ್ಲಿ ನಾನು ದೃಷ್ಟಿ ತೆಗೆದದ್ದು

ನನ್ನ ಮೊಮ್ಮಗಳು ಸೈಕಲ್ ರೇಸಿನಲ್ಲಿ ಮೂರನೇ ನಂಬರ್ ಬಂದಳು! ಜಿಲ್ಲೆಯ ತಂಡಕ್ಕೆ ಸೇರಿದಳು! ಇದನ್ನು ಮೊದಲೇ ಬರೆದುಬಿಡುತ್ತೇನೆ, ಹೊಟ್ಟೆಯೊಳಗೆ ನಿಲ್ಲುತ್ತಿಲ್ಲ. ನಾನು ಕಲಿತದ್ದು ಮೂರನೇ ಇಯತ್ತೆ. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ರೇಸು ಬಸವಕಲ್ಯಾಣದಿಂದ ಹುಮನಾಬಾದಿಗೆ. ನಡುದಾರಿಯಲ್ಲಿ ನಮ್ಮ ರಾಜೇಶ್ವರ, ರಸ್ತೆಗೇ ಅಂಟಿದ ನಮ್ಮ ಮನೆ. ಮೊದಲ ಮೂವರಿಗಷ್ಟೇ ಜಿಲ್ಲೆಯ ತಂಡದಲ್ಲಿ ಜಾಗ. ನನ್ನ ಮಗ, ಅಂದರೆ ಹುಡುಗಿಯ ಅಪ್ಪ, ಹಿಂದಿನ ದಿನವೇ ಕಡ್ಡಿ ಮುರಿದಂತೆ ಹೇಳಿದ್ದ:

"ಮೂರರೊಳಗ ಬಂದ್ರ ಸೈಕಲ್ ನಿಂದು. ಇಲ್ಲಾಂದ್ರ ಸುಮ್ಕ ಬಸ್ಸಿನಾಗ ಕಾಲೇಜಿಗಿ ಹೋಗು. ರೇಸು ಗೀಸು ಬಂದ್."

"ಬರ್ತೀನಪ್ಪಾ," ಅಂದಳು. ಅಷ್ಟೇ. ಹೋಗಿ ಚೈನಿಗೆ ಎಣ್ಣೆ ಹಾಕುತ್ತ ಕೂತಳು.

ಬೆಳಿಗ್ಗೆ ಪೊಲೀಸರು ಕಬ್ಬಿನ ಟ್ರ್ಯಾಕ್ಟರುಗಳನ್ನೆಲ್ಲ ರಸ್ತೆ ಬದಿಗೆ ನಿಲ್ಲಿಸಿದ್ದರು. ಕಬ್ಬಿನ ಹೊರೆಯ ಮೇಲೆ ಹತ್ತಿ ಕೂತ ಡ್ರೈವರನೊಬ್ಬ ಕೂಗಿದ: "ಬಂದ್ಳು ನೋಡ್ರಿ! ನಿಮ್ಮ ಹುಡುಗಿನೇ ಎಲ್ಲರ್ಕಿಂತ ಮುಂದ ಅದಾಳ!"

ಇಡೀ ಊರು ಅವಳನ್ನೇ ನೋಡುತ್ತಿತ್ತು. ದೃಷ್ಟಿ ತಾಗಿದರೆ ಏನು ಗತಿ ಎಂದುಕೊಂಡೆ. ನಮ್ಮಲ್ಲಿ ದೂರದಿಂದ ಬಂದವರಿಗೆ ಜೋಳದ ಭಕ್ರಿ ತುಂಡು ನಿವಾಳಿಸಿ, ಕಾಲಿಗೆ ನೀರು ಹಾಕಿದ ಮೇಲೆಯೇ ಮುಂದಿನ ಹೆಜ್ಜೆ. ಮನೆಯ ಮುಂದೆ ಬಂದ ಕೂಸನ್ನು ಹಾಗೆಯೇ ಬಿಡುವುದುಂಟೇ? ತಂಬಿಗೆ, ಭಕ್ರಿ ಹಿಡಿದು ರಸ್ತೆಯ ನಡುವೆ ಹೋಗಿ ನಿಂತೆ.

"ಆಯಿ, ಬದಿಗಿ ಸರಿ ಬೇ! ಸರಿ!" ಮೊಮ್ಮಗಳು ಒದರಿದಳು. ಬ್ರೇಕು ಕಿರ್ರೆಂದಿತು. ಅವಳು ಕಾಲೂರಿ ನಿಂತಳು.

"ತಡಿಯವ್ವಾ, ಊರ ಕಣ್ಣು ಭಾಳ ಕೆಟ್ಟದ್ದು," ಎಂದು ಮೂರು ಸುತ್ತು ನಿವಾಳಿಸಿದೆ.

"ಆಯಿ, ಇದು ರೇಸ್ ಅದ!"

ನಾನು ಅವಳ ಬೂಟಿನ ಮೇಲೆ ನೀರು ಸುರಿಯುತ್ತಿದ್ದಾಗಲೇ ಪಕ್ಕದಲ್ಲಿ ಸರ್ರೆಂದು ಒಂದು ಸೈಕಲ್ ಹೋಯಿತು. ಎರಡು. ಮೂರು. ನಾಲ್ಕು. ಹುಡುಗಿ ಹಲ್ಲು ಕಚ್ಚಿ, ಒದ್ದೆ ಬೂಟಿನಲ್ಲೇ ಪೆಡಲ್ ತುಳಿದಳು.

ಆಮೇಲೆ ನನಗೆ ತಿಳಿಯಿತು, ಎಂಥ ಕೆಲಸ ಮಾಡಿದೆ ಎಂದು. ಮೇಲಿದ್ದ ಡ್ರೈವರ್ ನಕ್ಕ: "ದೊಡ್ಡವ್ವ, ಚಾ ಭೀ ಕುಡಿಸಿ ಕಳಸಬೇಕಿತ್ತಲ್ಲ!"

ರೇಸು ನೋಡುವುದೇ ಇಲ್ಲ ಅಂದಿದ್ದ ಮಗ ಎಲ್ಲಿದ್ದನೋ, ಓಡಿ ಬಂದ. "ಏನ್ ಮಾಡ್ದಿ ಬೇ ಅವ್ವಾ! ನನ್ನ ಮಗಳು ಒಂದನೇ ನಂಬರ್ ಇದ್ಳು!"

"ಬೈಯೋದು ಆಮ್ಯಾಲ ಬೈ. ಮೊದ್ಲ ಗಾಡಿ ತೆಗಿ," ಅಂದೆ.

ಮೋಟಾರ್ ಸೈಕಲ್ಲಿನಲ್ಲಿ ಅವಳ ಹಿಂದೆ ಹಿಂದೆಯೇ ಹೋದೆವು. ಏರು ಬಂದಾಗ ಉಳಿದವರು ನಿಧಾನ ಮಾಡಿದರು, ನಮ್ಮವಳು ಸೀಟು ಬಿಟ್ಟು ಎದ್ದು ನಿಂತು ತುಳಿದಳು. ಒಬ್ಬಳನ್ನು ಹಿಂದೆ ಹಾಕಿದಳು. ಇನ್ನೂ ನಾಲ್ಕನೆಯವಳೇ. ಹುಮನಾಬಾದಿನ ಮನೆಗಳು ಕಾಣತೊಡಗಿದವು. ಸೈಕಲ್ ಬೇಡ ಅಂದಿದ್ದ ನನ್ನ ಮಗ ಈಗ ಒದರುತ್ತಿದ್ದ: "ಹೊಡಿ ನನ್ನವ್ವಾ, ಹೊಡಿ! ಬಿಡಬ್ಯಾಡ!"

ಬಿಡಲಿಲ್ಲ. ಕೊನೆಯ ಗೆರೆಯ ಹತ್ತಿರ ಅರ್ಧ ಗಾಲಿಯಷ್ಟು ಮುಂದೆ ನುಗ್ಗಿ ಮೂರನೆಯವಳಾದಳು.

ನೆಲಕ್ಕೆ ಬಿದ್ದು ಏದುಸಿರು ಬಿಡುತ್ತಿದ್ದವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ನಂದೇ ತಪ್ಪಾತವ್ವಾ," ಅಂದೆ.

"ಇಲ್ಲ ಆಯಿ, ನಿಂತಾಗ ಜರಾ ದಮ್ ಸಿಕ್ತು," ಅಂದಳು. ಸುಳ್ಳೇ. ಆದರೂ ನನ್ನ ಜೀವ ತಣ್ಣಗಾಯಿತು.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಸೊಸೆ ಗೋಧಿ ಹುಗ್ಗಿ, ಪುಂಡಿಪಲ್ಲೆ ಮಾಡಿದ್ದಳು. ಮಗ ತಾನೇ ಎದ್ದು ಮಗಳ ಹುಗ್ಗಿಗೆ ತುಪ್ಪ ಸುರಿದ.

"ಜಿಲ್ಲಾದಾಗ ಮೂರನೇ ನಂಬರ್ ಸಾಲಂಗಿಲ್ಲ. ನಾಳಿ ಐದಕ್ಕ ಎಬ್ಬಸ್ತೀನಿ."

"ಆರಕ್ಕಪ್ಪಾ..."

"ಐದಂದ್ರ ಐದು."

"ಮೊದ್ಲ ಕೂಸಿಗಿ ಉಣ್ಲಿಕ್ಕ ಬಿಡ್ರಿ," ಅಂದಳು ಸೊಸೆ.

ಹುಡುಗಿ ಆಗಲೇ ಎರಡನೇ ಸಲ ಹುಗ್ಗಿಗೆ ತಾಟು ಮುಂದೆ ಚಾಚಿದ್ದಳು.