ಬೆಳಗಿನ ಗುಳಿಗೆಯನ್ನು ತಡೆಹಿಡಿದ ಬಗ್ಗೆ

ಇವರಿಗೆ: ಮಾನ್ಯ ಅಕ್ಕ ಶಾಂತವ್ವನವರು, ಹತ್ತಿಮತ್ತೂರು.
ಇವರಿಂದ: ತಂಗಿ ಗಿರಿಜಾ, ಶಿಗ್ಗಾಂವ.

ಮಾನ್ಯರೇ,

ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಆ ಗುಳಿಗೆಗಳನ್ನು ಮರೆತವರು ತಾವಲ್ಲ. ಕೊಡದೆ ಇದ್ದವಳು ನಾನು. ಅಕ್ಷರಗಳು ಕೆಟ್ಟಿವೆ, ಒತ್ತುಗಳು ತಪ್ಪಿರಬಹುದು, ಮನ್ನಿಸಬೇಕು. ಪಂಚಾಯಿತಿಗೆ ಬರೆಯುವ ಅರ್ಜಿಯ ಧಾಟಿಯೊಂದೇ ನನಗೆ ಗೊತ್ತು. ಅದನ್ನು ಹಿಡಿದುಕೊಳ್ಳದಿದ್ದರೆ ಈ ಮಾತು ಹೊರಗೆ ಬರುವುದಿಲ್ಲ.

ಕಾಮಣಿಯಾಗಿ, ಕಣ್ಣು ಹಳದಿ ತಿರುಗಿ, ತಮ್ಮ ಲಿವರ್ ಕೈಬಿಟ್ಟಾಗ ನನ್ನದರಲ್ಲಿ ಒಂದು ಭಾಗ ಕೊಯ್ದು ತಮಗೆ ಜೋಡಿಸಿದರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ತಾವು ನಕ್ಕು ಹೇಳಿದಿರಿ: “ನಿನ್ನ ಪಿತ್ತ ನನ್ನೊಳಗ ಸೇರೇತಿ, ಗಿರಿಜಾ. ಇನ್ನ ನಮ್ಮನಿಯವ್ರ ಗತಿ ಮುಗೀತು.”

ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಕೂರಿಸಿಕೊಂಡು ತಿಳಿಸಿದ್ದರು. “ನೋಡವಾ, ಲಿವರಿಗೆ ಪೆಟ್ಟಾತಂದ್ರ ಮೈಯಾಗಿನ ಕಾವಲು ಕಣಗೋಳು ಪ್ರೋಟೀನು ಬಿಡ್ತಾವ. ಅವು ಡಂಗುರದವ್ರು ಇದ್ದಂಗ. ಕೆಲವು ‘ಏಳು, ಬೆಳಿ’ ಅಂತ ಲಿವರನ್ನ ಎಬ್ಬಸ್ತಾವ. ಕೆಲವು ‘ಪರರದು ಬಂದೈತಿ, ಸುಡು’ ಅಂತ ಸಾರತಾವ. ಎರಡೂ ಮಾಡೂವೂ ಅದಾವ. ಸುಡೂ ಡಂಗುರ ತಗ್ಗಸಾಕ ಈ ಗುಳಿಗಿ. ತಪ್ಪಸಬ್ಯಾಡ್ರಿ.”

ಪಿಯುಸಿಯಲ್ಲಿ ವಿಜ್ಞಾನ ಓದಿದವಳೆಂಬ ಗರ್ವ ನನಗೆ. ಆ ಮಾತಿನಲ್ಲಿ ಅರ್ಧವನ್ನು ಮಾತ್ರ ಮನೆಗೆ ತಂದೆ.

ಇಬ್ಬರೂ ಚೇತರಿಸಿಕೊಳ್ಳುವವರೆಗೆ ನಾನು ತಮ್ಮ ಮನೆಯಲ್ಲೇ ಉಳಿದೆ. ಮುಂದಿನ ತಪಾಸಣೆಯಲ್ಲಿ ನನ್ನಲ್ಲಿ ಉಳಿದ ಭಾಗ ಚೆನ್ನಾಗಿ ಬೆಳೆದಿತ್ತು, ತಮ್ಮದು ನಿಧಾನವೆಂದರು. ನನಗೆ ಹೆದರಿಕೆಯಾಯಿತು. ಡಂಗುರದ ಬಾಯಿಯನ್ನೇ ಕಟ್ಟಿದರೆ ಲಿವರ್ ಏಳುವುದಾದರೂ ಹೇಗೆ— ಹೀಗೆ ಯೋಚಿಸಿದೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ಬೇಡವೆನ್ನುತ್ತಾರೆಂದು ಗೊತ್ತಿತ್ತು; ಗೊತ್ತಿದ್ದೂ— ರಾತ್ರಿಯ ಗುಳಿಗೆಗಳನ್ನು ತಾವೇ ತೆಗೆದುಕೊಳ್ಳುತ್ತಿದ್ದಿರಿ, ಬೆಳಗಿನವನ್ನು ಕೊಡುವುದು ನನ್ನ ಪಾಲಿಗಿತ್ತು. ಅವುಗಳಲ್ಲಿ ಡಂಗುರ ತಗ್ಗಿಸುವ ಆ ಒಂದನ್ನು ಬೇರೆ ಮಾಡಿ ಬಚ್ಚಲ ನೀರಿಗೆ ಬಿಡುತ್ತಿದ್ದೆ. ಉಳಿದವನ್ನು ತಾವು ನನ್ನ ಅಂಗೈಯಿಂದ, ನೋಡದೆ, ನುಂಗಿದಿರಿ.

ತಮಗೆ ಜ್ವರ ಬಂತು. ಕಣ್ಣುಗಳು ಮತ್ತೆ ಹಳದಿಯಾದವು. ಹುಬ್ಬಳ್ಳಿಯಲ್ಲಿ ಡಾಕ್ಟರು ಕೇಳಿದರು: “ಗುಳಿಗಿ ತಪ್ಪಿದ್ವೇನು?” ನಾನು ಬಾಯಿ ತೆರೆಯುವಷ್ಟರಲ್ಲಿ ತಾವು— ಅಲ್ಲ, ಅದು ಸುಳ್ಳು. ಬಾಯಿ ತೆರೆಯಲು ಬೇಕಾದಷ್ಟು ಹೊತ್ತಿತ್ತು. ತಾವು ಹೇಳಿದಿರಿ: “ರಾತ್ರೀವು ನಾನ ಮರತಿರಬೇಕ್ರಿ. ಈಗೀಗ ನನ್ನ ತಲಿ ನೆಟ್ಟಗಿಲ್ಲ.” ನಾನು ತಲೆ ಆಡಿಸಿದೆ. ಇಂಜೆಕ್ಷನ್ ಕೊಟ್ಟು ತಮ್ಮನ್ನು ಉಳಿಸಿದರು. ಸುಟ್ಟ ಭಾಗ ಮಾತ್ರ ಕಲೆಗಟ್ಟಿ ನಿಂತಿತು.

ಅಂದಿನಿಂದ ತಾವು ತಮ್ಮ ತಲೆಯನ್ನು ನಂಬುವುದನ್ನೇ ಬಿಟ್ಟಿರಿ. ಗುಳಿಗೆ ನುಂಗಿದ ಗುರುತಿಗೆ ಸೆರಗಿಗೆ ಗಂಟು. ಆಮೇಲೆ ನನಗೆ ಫೋನು. “ಗಂಟು ಹಾಕೇನಿ, ಗಿರಿಜಾ. ಆದ್ರ ಇದು ನಿನ್ನೀದೋ ಇವತ್ತಿಂದೋ?” ಆ ಫೋನು ಸದ್ದಾದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಕೊಯ್ದ ಜಾಗ ತಣ್ಣಗಾಗುತ್ತದೆ. ಕಣ್ಣಳತೆಯಲ್ಲೇ ಕುಪ್ಪಸ ಕತ್ತರಿಸುತ್ತಿದ್ದವರು ತಾವು. ಹೊಲಿಗೆ ಯಂತ್ರವನ್ನು ಸವಣೂರಿನಲ್ಲಿ ಯಾರಿಗಾದರೂ ಕೊಟ್ಟುಬಿಡುತ್ತೇನೆಂದು ಮೊನ್ನೆ ಹೇಳಿದಿರಿ. “ನೆನಪಿಲ್ಲದಾಕಿ ಕೈಯಾಗ ಕತ್ತರಿ ಯಾಕ?”

ಆ ಮಾತಿಗೇ ಇದನ್ನು ಬರೆಯುತ್ತಿದ್ದೇನೆ. ಇದನ್ನು ಓದಿದ ಮೇಲೆ ತಾವು ನನ್ನ ಕೈಯಿಂದ ನೀರು ಕುಡಿಯುವುದಿಲ್ಲವೆಂಬ ಭಯವಿದೆ. ತಮ್ಮೊಳಗೆ ನನ್ನದೇ ಒಂದು ಭಾಗ ಇದೆ, ಅದೂ ನನ್ನನ್ನು ಕ್ಷಮಿಸುವುದಿಲ್ಲವೆಂಬ— ಅದನ್ನು ಹೇಗೆ ಬರೆಯಬೇಕೋ ತಿಳಿಯದು.

ಸೋಮವಾರ ಮೊದಲ ಬಸ್ಸಿಗೆ ಹತ್ತಿಮತ್ತೂರಿಗೆ ಬರುತ್ತೇನೆ. ಬಾಗಿಲು ತೆರೆಯುವುದು ಬಿಡುವುದು ತಮಗೆ ಬಿಟ್ಟದ್ದು. ಅಲ್ಲಿಂದ ಹುಬ್ಬಳ್ಳಿಗೆ ಹೋಗಿ, ಅದೇ ಡಾಕ್ಟರ ಮುಂದೆ ಇದನ್ನೇ ಹೇಳುತ್ತೇನೆ. ಯಂತ್ರ ಕೊಡಬೇಡ, ಅಕ್ಕಾ. ನಿನ್ನ ತಲೆ ನೆಟ್ಟಗಿದೆ. ಅವತ್ತೂ ನೆಟ್ಟಗಿತ್ತು.

ಈ ಪತ್ರದಲ್ಲಿ ಕಂಡುಬಂದ ಅಕ್ಷರದೋಷಗಳನ್ನು ತಾವೇ ತಿದ್ದಿಕೊಳ್ಳಬೇಕೆಂದು ಕೋರುತ್ತೇನೆ. ಗುಳಿಗೆ ಕೊಡದವಳು ನಾನೆಂಬ ಸಾಲನ್ನು ಮಾತ್ರ, ಕರುಣೆಯಿಂದಲೂ ತಿದ್ದಬಾರದು.

ತಮ್ಮ ವಿಧೇಯ,
ಗಿರಿಜಾ