ಮಾತಾಡಿಸದೆ ಗುಡಿಸಿದ ಬೆಂಚು

ನನ್ನ ಬೀಗದ ಅಂಗಡಿ ಇರುವುದು ಬಸ್ ನಿಲ್ದಾಣದೊಳಗೆ. ಎದುರಿಗೇ ಪ್ರಯಾಣಿಕರು ಕಾಯುವ ಹಾಲ್. ಅದನ್ನು ಗುಡಿಸುವ ಹೆಂಗಸಿಗೆ ನಾವೆಲ್ಲ ಇಟ್ಟ ಹೆಸರು ಹುಷಾರಕ್ಕ. ಬೆಂಚಿನ ಕೆಳಗೆ ಪೊರಕೆ ಚಾಚುವ ಮುಂಚೆ, ಕೂತವರು ಯಾರೇ ಆಗಿರಲಿ, "ಏನಣ್ಣಾ, ಹುಷಾರಾ?" ಎಂದು ಕೇಳಿ, ಉತ್ತರ ಬಂದ ಮೇಲೆಯೇ ಗುಡಿಸುತ್ತಿದ್ದಳು.

"ಇಷ್ಟು ಜನರನ್ನ ವಿಚಾರಿಸ್ತೀಯಲ್ಲ, ಚುನಾವಣೆಗೆ ನಿಲ್ತೀಯೇನಕ್ಕಾ?" ಎಂದು ಕೆಣಕುತ್ತಿದ್ದೆ.

"ಮಾತಾಡಿಸದೆ ಕಾಲ ಕೆಳಗೆ ಪೊರಕೆ ಹಾಕಿದ್ರೆ ಅವರೂ ಕಸ ಅಂದ ಹಾಗಾಗಲ್ವಾ? ನಿಮಗೇನು ಬಿಡಿ, ಗಿರಾಕಿ ಕಂಡ್ರೆ ಮಾತ್ರ ಬಾಯಿ ಬಿಡೋರು."

ಗರಿಗರಿ ಇಸ್ತ್ರಿ ಅಂಗಿಯವನೊಬ್ಬ, ತನ್ನ ಆರೋಗ್ಯ ವಿಚಾರಿಸಲು ಇವಳ್ಯಾರು ಎಂದು ದೂರು ಕೊಟ್ಟ. ಗುಡಿಸುವವರ ಮೇಲ್ವಿಚಾರಣೆಯ ಮೇಸ್ತ್ರಿ ಬಂದು, "ಬಾಯಿ ಮುಚ್ಕೊಂಡು ಗುಡಿಸು. ಇನ್ನೊಂದು ದೂರು ಬಂದ್ರೆ ಮನೆಗೆ ಹೋಗ್ತಾ ಇರು" ಎಂದ. ಅಕ್ಕನ ಮನೆಯಲ್ಲಿ ಮಗಳು ತುಂಬು ಬಸುರಿ. ಅಳಿಯನೋ, ಕೆಲಸ ಹುಡುಕುವುದನ್ನೇ ಕೆಲಸ ಮಾಡಿಕೊಂಡವನು. ಅಕ್ಕ ಬಾಯಿ ಮುಚ್ಚಿದಳು.

ಮಾರನೆಯ ಮಧ್ಯಾಹ್ನ ಕಂಬದ ಪಕ್ಕದ ಬೆಂಚಿನಲ್ಲಿ ಹಿರಿಯರೊಬ್ಬರು ಚೀಲ ತಬ್ಬಿ, ಅದರ ಮೇಲೆ ಗಲ್ಲ ಊರಿ ಕೂತಿದ್ದರು. ಅಕ್ಕ ಅವರ ಮುಂದೆ ತುಸು ನಿಂತಳು. ತುಟಿ ಅಲ್ಲಾಡಿತು. ಬಾಗಿಲಲ್ಲಿ ಮೇಸ್ತ್ರಿ ನೋಡುತ್ತಿದ್ದ. ಸುಮ್ಮನೆ ಗುಡಿಸಿ ಮುಂದೆ ಹೋದಳು. ಸಂಜೆ ಕಂಡಕ್ಟರೊಬ್ಬ ಎಬ್ಬಿಸಲೆಂದು ಭುಜ ಮುಟ್ಟಿದಾಗ ದೇಹ ಪಕ್ಕಕ್ಕೆ ವಾಲಿತು. ಅಷ್ಟರಲ್ಲಿ ಅರ್ಧ ಊರೇ ಆ ಬೆಂಚನ್ನು ದಾಟಿಹೋಗಿತ್ತು. ನಾನು ಎದುರಿಗೇ ಕೂತು ಬೀಗ ಮಾರುತ್ತಿದ್ದೆ.

ಶವಾಗಾರದ ಕಾವಲುಗಾರ ನನ್ನ ಗಿರಾಕಿ. ಬೀಗ ಕೊಳ್ಳಲು ಬಂದವನು ತಾನಾಗಿಯೇ ಹೇಳಿದ: ಜೀವ ಹೋದದ್ದು ಸಂಜೆಯ ಹೊತ್ತಿಗಂತೆ. ಮಧ್ಯಾಹ್ನವೇ ತಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಅಂದರಂತೆ.

ಅವನು ಅತ್ತ ಹೋಗುವುದನ್ನೇ ಕಾದಿದ್ದವಳಂತೆ ಅಕ್ಕ ಬಂದಳು. "ಅಣ್ಣಾ, ನಾನು ಗುಡಿಸೋವಾಗ ಉಸಿರಿತ್ತಾ?"

ತುಕ್ಕು ಉಜ್ಜಿದ ಬೀಗವನ್ನು ಹೊಸದೆಂದು ಮಾರಿ ಬದುಕಿದ ನಾಲಿಗೆ ನನ್ನದು. "ಇಲ್ಲಕ್ಕಾ, ನೀನು ಬರೋಕ್ಕೆ ಮುಂಚೇನೇ ಜೀವ ಹೋಗಿತ್ತಂತೆ. ಮಾತಾಡಿಸಿದ್ರೂ ಅಷ್ಟೇ, ಬಿಟ್ಟಿದ್ರೂ ಅಷ್ಟೇ."

ಅಕ್ಕ ನನ್ನ ಮುಖವನ್ನೇ ನೋಡಿದಳು.

"ಪೊರಕೆ ತಾಗಿದಾಗ ಒಂದು ಕಾಲು ಹಿಂದಕ್ಕೆಳ್ಕೊಂಡ್ರು ಅಣ್ಣಾ. ನನ್ನ ಭ್ರಮೆ ಏನೋ ಅಂದ್ಕೊಂಡಿದ್ದೆ. ನೀವು ಇಷ್ಟು ಬೇಗ ಸಮಾಧಾನ ಹೇಳ್ತಾ ಇದ್ದೀರಲ್ಲ, ಭ್ರಮೆ ಅಲ್ಲ ಬಿಡಿ."

ಅಕ್ಕ ಕೆಲಸವನ್ನೇನೂ ಬಿಡಲಿಲ್ಲ, ಬಿಡುವ ಹಾಗೂ ಇಲ್ಲ. ಆದರೆ ಈಗ ಖಾಲಿ ಬೆಂಚುಗಳ ಕೆಳಗೆ ಮಾತ್ರ ಗುಡಿಸುತ್ತಾಳೆ. ಯಾರಾದರೂ ಕೂತಿದ್ದರೆ ತುಸು ದೂರದಲ್ಲಿ ಗೋಡೆಗೊರಗಿ, ಅವರ ಎದೆ ಏರಿಳಿಯುವುದನ್ನು ನೋಡುತ್ತ, ಅವರು ಎದ್ದು ಹೋಗುವವರೆಗೂ ನಿಂತಿರುತ್ತಾಳೆ.