ಒಡೆದ ಗಣೆ ಎತ್ತಿದ ಕೈ

ಭಕ್ತ ಬಂಧುಗಳೇ, ಎಂಬತ್ತಾರನೇ ಇಸವಿಯ ಮಳೆಗಾಲದಲ್ಲಿ ನಾನು ದೇವರಿಗೆ ಕೈ ಮುಗಿಯುವುದನ್ನು ಬಿಟ್ಟಿದ್ದೆ. ಮುಗಿಯಲು ಆಗುತ್ತಿರಲಿಲ್ಲ. ಎಡಗೈ ಎದೆಯ ಮುಂದೆ ನೆಟ್ಟಗೆ ನಿಲ್ಲುತ್ತಿತ್ತು, ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬೀಳುತ್ತಿತ್ತು. ಎಡಗೈಯಿಂದ ಹಿಡಿದೆತ್ತಿ ಅಂಗೈಗೆ ಅಂಗೈ ಕೂಡಿಸಿದರೆ, ಬಿಟ್ಟ ಕೂಡಲೇ ಒದ್ದೆ ಬಟ್ಟೆಯ ಹಾಗೆ ಮತ್ತೆ ಬೀಳುತ್ತಿತ್ತು. ಅಂಥ ನಮಸ್ಕಾರ ಮಾಡಲು ನಾಚಿಕೆಯಾಗಿ ಬರೀ ತಲೆ ಬಾಗಿಸಿ ಬರುತ್ತಿದ್ದೆ. ಆ ಕೈ ನನಗೆ ಹೇಗೆ ವಾಪಸು ಸಿಕ್ಕಿತು ಎಂಬುದನ್ನು ನಿಮಗೆ ಹೇಳಬೇಕು. ಹೇಳದೆ ಇಟ್ಟುಕೊಂಡರೆ ಆ ಸ್ವಾಮಿಯ ಋಣ ಹೊತ್ತುಕೊಂಡು ತಿರುಗಿದಂತಾಗುತ್ತದೆ.

ನನ್ನ ಹೆಸರು ಈರಣ್ಣ. ನಮ್ಮದು ಸಿರಾ ತಾಲ್ಲೂಕು ತಾವರೆಕೆರೆ ಕಡೆಯ ಗೊಲ್ಲರ ಹಟ್ಟಿ. ಮನೆದೇವರು ಜುಂಜಪ್ಪ. ದನ ಕಾಯುತ್ತಾ ಗಣೆ ಊದಿದ ದೇವರು ಅವನು. ಗಣೆ ಎಂದರೆ ತೋಳಿಗಿಂತ ಉದ್ದದ ಬಿದಿರಿನ ಕೊಳಲು. ನಮ್ಮಪ್ಪ ಹಗಲು ಕುರಿ ಕಾಯುತ್ತಿದ್ದರು, ದೇವರ ಕಾರ್ಯ ಇದ್ದಾಗ ಗಣೆ ಊದಿ ಜುಂಜಪ್ಪನ ಕತೆ ಹೇಳುತ್ತಿದ್ದರು. ನಾನು ಮಾತ್ರ ಗಣೆ ಬಿಟ್ಟು ಹಾರ್ಮೋನಿಯಂ ಹಿಡಿದೆ. ಹಾರ್ಮೋನಿಯಂನಿಂದ ಕೀಬೋರ್ಡಿಗೆ ಜಿಗಿದೆ. ಮಧುಗಿರಿಯಲ್ಲಿ ಬೆಟ್ಟದ ಬುಡಕ್ಕೆ ಒಂದು ಬಾಡಿಗೆ ಮನೆ ಮಾಡಿಕೊಂಡು, ಹೆಂಡತಿ ಸರೋಜಳೊಂದಿಗೆ ಇದ್ದು, ಮದುವೆ ಆರತಕ್ಷತೆಗಳಿಗೆ ಹೋಗಿ ನುಡಿಸುತ್ತಿದ್ದೆ. ನಮ್ಮ ವಾದ್ಯ ತಂಡ ಕಟ್ಟಿದವನು ಸಿರಾದ ಬಾಷಾ. ಅವನು ಡ್ರಮ್ಸ್ ಬಾರಿಸುತ್ತಿದ್ದ, ಹಾಡುವವರು ಇಬ್ಬರು, ಮಿಕ್ಕಿದ್ದೆಲ್ಲ ನಾನೇ.

ಮಿಕ್ಕಿದ್ದೆಲ್ಲ ಎಂದರೆ ಸಣ್ಣ ಮಾತಲ್ಲ. ಸಿನಿಮಾ ಹಾಡಿನ ನಡುವೆ ಪಿಟೀಲು ಬರುತ್ತದೆ, ಕೊಳಲು ಬರುತ್ತದೆ, ಸಿತಾರ್ ಬರುತ್ತದೆ. ಅವನ್ನು ನುಡಿಸುವವರನ್ನು ಎಲ್ಲಿಂದ ತರುವುದು? ಅದಕ್ಕಾಗಿ ಬಾಷಾ ಮದರಾಸಿನಿಂದ ಒಂದು ಹೊಸ ಕೀಬೋರ್ಡ್ ತರಿಸಿದ. ಅದಕ್ಕೆ ನೆನಪಿನ ಶಕ್ತಿ ಇತ್ತು. ಒಂದು ಗುಂಡಿ ಒತ್ತಿ ನುಡಿಸಿದರೆ ನುಡಿಸಿದ್ದನ್ನು ಹಾಗೇ ಒಳಗೆ ಇಟ್ಟುಕೊಳ್ಳುತ್ತಿತ್ತು, ಇನ್ನೊಂದು ಗುಂಡಿ ಒತ್ತಿದರೆ ವಾಪಸು ನುಡಿಸುತ್ತಿತ್ತು. ಟೇಪಿನಂತಲ್ಲ. ಬೇಕೆಂದರೆ ವೇಗ ಹೆಚ್ಚಿಸಬಹುದು, ಪಿಟೀಲಿನಲ್ಲಿ ನುಡಿಸಿದ್ದನ್ನು ಕೊಳಲಿನಲ್ಲಿ ಕೇಳಬಹುದು. ನಾನು ಒಂದು ಬೇಸಿಗೆಯೆಲ್ಲಾ ಕೂತು ಹಾಡುಗಳ ನಡುವಿನ ತುಣುಕುಗಳನ್ನು ನುಡಿಸಿ ಅದರ ಹೊಟ್ಟೆಗೆ ತುಂಬಿಸಿದೆ. ವೇದಿಕೆಯ ಮೇಲೆ ಎಡಗೈಯಲ್ಲಿ ಗುಂಡಿ ಒತ್ತಿ ಪಿಟೀಲು ಬಿಟ್ಟು, ಬಲಗೈಯಲ್ಲಿ ಅದರ ಮೇಲೆ ಸಿತಾರ್ ನುಡಿಸುವಾಗ ಜನ ನನ್ನ ಹಿಂದೆ ಯಾರಾದರೂ ಕೂತಿದ್ದಾರಾ ಎಂದು ಕತ್ತು ಚಾಚಿ ನೋಡುತ್ತಿದ್ದರು. ಆ ದಿನಗಳಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ.

ಕೈ ಕೆಟ್ಟದ್ದು ಬಸ್ಸಿನಲ್ಲಿ. ಪಾವಗಡದಲ್ಲಿ ಒಂದು ಮದುವೆ ಮುಗಿಸಿ, ಬೆಳಗಿನ ಮೊದಲ ಬಸ್ಸಿಗೆ ಮಧುಗಿರಿಗೆ ಹೊರಟಿದ್ದೆ. ಕೀಬೋರ್ಡಿನ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಲು ನನಗೆ ಮನಸ್ಸು ಬರುತ್ತಿರಲಿಲ್ಲ. ಸೀಟಿನ ಪಕ್ಕ ಉದ್ದಕ್ಕೆ ನಿಲ್ಲಿಸಿಕೊಂಡು, ಬೀಳದಿರಲೆಂದು ಅದರ ಮೇಲೆ ಬಲದ ತೋಳು ಹಾಕಿ ತಬ್ಬಿಕೊಂಡು ನಿದ್ದೆ ಹೋದೆ. ಮರದ ಪೆಟ್ಟಿಗೆಯ ಅಂಚು ದಾರಿಯುದ್ದಕ್ಕೂ ತೋಳನ್ನು ಒತ್ತುತ್ತಲೇ ಇತ್ತು. ಮಧುಗಿರಿ ಬಂತೆಂದು ಕಂಡಕ್ಟರು ಎಬ್ಬಿಸಿದಾಗ ಕೈ ಜೋಮು ಹಿಡಿದಿದೆ ಎಂದುಕೊಂಡು ಕೊಡವಿದೆ. ಜೋಮು ಬಿಡಲೇ ಇಲ್ಲ.

ಸರೋಜ ಎಣ್ಣೆ ತಿಕ್ಕಿದಳು, ಬಿಸಿನೀರು ಹಾಕಿದಳು. ಕೊನೆಗೆ ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಸಮಾಧಾನದ ಮನುಷ್ಯ. ತೋಳಿನ ನರ ಒತ್ತಿಹೋಗಿದೆ, ಎಷ್ಟೋ ಜನಕ್ಕೆ ತಾನಾಗಿಯೇ ವಾಪಸು ಬರುತ್ತದೆ, ನಿಮಗೂ ಬರುತ್ತದೆಂದು ನನ್ನ ನಂಬಿಕೆ, ಬರೆದುಕೊಡಲು ಮಾತ್ರ ಆಗುವುದಿಲ್ಲ ಎಂದರು. ಮಣಿಕಟ್ಟು ಜೋತುಬೀಳದಂತೆ ಅದರಡಿ ಪ್ಲಾಸ್ಟರಿನ ಪಟ್ಟಿ ಕಟ್ಟಿ, ಇದನ್ನು ಬಿಚ್ಚಬೇಡಿ, ಬೆರಳು ಆಡಿಸುತ್ತಾ ಇರಿ ಎಂದು ಹೇಳಿ ಕಳಿಸಿದರು.

ಕೆಲವು ದಿನ ಕಟ್ಟಿಕೊಂಡಿದ್ದೆ. ಬೆರಳು ಆಡಿಸಲು ಹೋದಾಗೆಲ್ಲ ಅವು ನನ್ನವಲ್ಲವೇನೋ ಎನಿಸುತ್ತಿತ್ತು. ದಿನವೂ ಬೆಳಿಗ್ಗೆ ಎದ್ದ ತಕ್ಷಣ ಕೈ ಎತ್ತಿ ನೋಡುವುದು, ಅದು ಬೀಳುವುದು. ಹೀಗೇ ಆಗಿ ಆಗಿ ಮನಸ್ಸು ಮುರಿಯಿತು. ಪ್ಲಾಸ್ಟರು ಬಿಚ್ಚಿ ಅಟ್ಟದ ಮೇಲೆ ಎಸೆದೆ. ಸರೋಜ ನನ್ನ ಅಂಗಿಯ ಗುಂಡಿ ಹಾಕುವಾಗ ನಾನು ಗೋಡೆ ನೋಡುತ್ತಿದ್ದೆ.

ಬಾಷಾ ನೋಡಲು ಬಂದವನು ಕೀಬೋರ್ಡಿನ ಗುಂಡಿ ಒತ್ತಿದ. ಬೇಸಿಗೆಯಲ್ಲಿ ನಾನು ತುಂಬಿಸಿಟ್ಟ ಪಿಟೀಲು ಮನೆಯೆಲ್ಲಾ ತುಂಬಿತು.

“ಯಾಕ್ ಅಳ್ತೀಯಾ ಭಾಯ್? ನಿನ್ ಕೈ ಇದ್ರೊಳಗೆ ಚೆನ್ನಾಗೇ ಐತಲ್ಲ,” ಎಂದ.

ಅದು ನಿಜವಾಗಿತ್ತು. ನನ್ನ ಬಲಗೈ ಆ ಪೆಟ್ಟಿಗೆಯೊಳಗೆ ಗಟ್ಟಿಯಾಗಿತ್ತು. ಅಲ್ಲಿಂದಾಚೆಗೆ ವೇದಿಕೆಯ ಮೇಲೆ ಬಲಗೈಯನ್ನು ತೊಡೆಯ ಮೇಲಿಟ್ಟು ಶಾಲು ಮುಚ್ಚಿ, ಎಡಗೈಯಲ್ಲಿ ಗುಂಡಿ ಒತ್ತಿ ಕಾರ್ಯಕ್ರಮ ಕಳೆಯತೊಡಗಿದೆ. ಯಾರಿಗೂ ಗೊತ್ತಾಗಲಿಲ್ಲ. ನನಗೂ ಒಂಥರಾ ಅಭ್ಯಾಸವಾಯಿತು. ಮನೆಯಲ್ಲಿ ಒಬ್ಬನೇ ಇದ್ದಾಗ ಗುಂಡಿ ಒತ್ತಿ ನನ್ನ ಕೈಯನ್ನು ನಾನೇ ಕೇಳುತ್ತಾ ಕೂರುತ್ತಿದ್ದೆ. ತೀರಿಹೋದವರ ಫೋಟೋ ನೋಡುತ್ತಾ ಕೂರುತ್ತಾರಲ್ಲ, ಹಾಗೆ.

ಆಯುಧಪೂಜೆ ಬಂತು. ಅಪ್ಪ ಹಟ್ಟಿಯಿಂದ ಹೇಳಿಕಳಿಸಿದರು, ನಿನ್ನ ವಾದ್ಯವನ್ನೂ ತಗೊಂಡು ಬಾ, ಗಣೆಯ ಪಕ್ಕ ಇಟ್ಟು ಪೂಜೆ ಮಾಡೋಣ ಎಂದು. ಸರೋಜಳೊಂದಿಗೆ ಸಿರಾಕ್ಕೆ ಹೋಗಿ, ಅಲ್ಲಿಂದ ತಾವರೆಕೆರೆ ಬಸ್ಸು ಹತ್ತಿ, ಇಳಿದು ನಡೆದು ಹಟ್ಟಿ ಸೇರಿದೆ. ಪೆಟ್ಟಿಗೆಯನ್ನು ಅಪ್ಪನ ಕೈಗೆ ಕೊಟ್ಟು ನೀರು ಹಾಕಿಕೊಳ್ಳಲು ಹೋದೆ.

ನಮ್ಮ ಮನೆಯಲ್ಲಿ ಗಣೆಯ ಪೂಜೆಗೆ ಒಂದು ಕಟ್ಟುಪಾಡು ಇದೆ. ಪೂಜೆಗೆ ಕೂರಿಸುವ ಮುನ್ನ ಕೋಲಿಗೆ ಬಟ್ಟೆ ಸುತ್ತಿ ಗಣೆಯ ಒಳಗನ್ನು ಒರೆಸುತ್ತಾರೆ. ಊದಿದವರ ಉಸಿರಿನ ತೇವ ಒಂದಿಷ್ಟೂ ಉಳಿಯಬಾರದು. ಆ ದಿನ ಅದು ದೇವರದು, ಮಾರನೆಯ ದಿನ ಮತ್ತೆ ನಮ್ಮದು. ಸ್ನಾನ ಮುಗಿಸಿ ಒಳಗೆ ಬಂದೆ. ಗಣೆಯ ಪಕ್ಕ ಕೀಬೋರ್ಡು ಮಲಗಿತ್ತು, ವಿಭೂತಿ ಕುಂಕುಮ ಇಟ್ಟಿದ್ದರು. ಅದರ ಮುಂದೆ ಒಂದು ತಟ್ಟೆ. ತಟ್ಟೆಯಲ್ಲಿ ಕೀಬೋರ್ಡಿನ ಸೆಲ್ಲುಗಳು ಸಾಲಾಗಿ, ಒಂದೊಂದಕ್ಕೂ ಕುಂಕುಮದ ಬೊಟ್ಟು.

ಇದೇನಪ್ಪಾ ಎಂದೆ.

“ಉಸ್ರು ಇಕ್ಕಂಡು ಪೂಜೆಗೆ ಕೂರಂಗಿಲ್ಲ ಕಣ್ಲಾ. ಅದ್ಕೇ ಅದ್ರ ಉಸ್ರು ತೆಗ್ದಿಕ್ಕಿವ್ನಿ. ನಾಳಿಕ್ಕೆ ಹಾಕ್ಕಂಡ್ರಾತು,” ಎಂದರು ಅಪ್ಪ.

ಸೆಲ್ಲು ಇದ್ದರೆ ಮಾತ್ರ ಆ ಯಂತ್ರಕ್ಕೆ ನೆನಪು. ತೆಗೆದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಅಪ್ಪನಿಗೆ ಇದು ಹೇಗೆ ಗೊತ್ತಾಗಬೇಕು? ಪೂಜೆಗೆ ಕೂತದ್ದನ್ನು ಮುಟ್ಟುವಂತಿಲ್ಲ, ಬೆಳಗಿನವರೆಗೆ ಕಾದೆ. ಏನಾದರೂ ಒಂದು ಚೂರು ಉಳಿದಿರಲಿ ಎಂದು ಜುಂಜಪ್ಪನನ್ನು ಬೇಡಿಕೊಂಡೆ. ಬೆಳಿಗ್ಗೆ ಸೆಲ್ಲು ಹಾಕಿ ಗುಂಡಿ ಒತ್ತಿದೆ. ಸದ್ದಿಲ್ಲ. ಇನ್ನೊಮ್ಮೆ ಒತ್ತಿದೆ. ಒಂದು ಬೇಸಿಗೆಯ ನನ್ನ ಕೈ ಪೂರ್ತಿ ಹೋಗಿತ್ತು.

ಕುರಿರೊಪ್ಪದ ಪಕ್ಕ ಹೋಗಿ ಕೂತೆ. ನನಗೆ ದೇವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಇದ್ದ ಕೈ ಕಿತ್ತುಕೊಂಡೆ, ಅದರ ನೆರಳನ್ನೂ ಉಳಿಸಲಿಲ್ಲವಲ್ಲ ಎಂದು ಒಳಗೊಳಗೇ ಬೈದೆ. ಅಪ್ಪ ಹಿಂದೆಯೇ ಬಂದರು. ಏನಾಯಿತೆಂದು ಕೇಳಿದರು.

“ನನ್ ಬಲಗೈ ಅದ್ರೊಳಗಿತ್ತು ಕಣಪ್ಪ,” ಎಂದೆ.

ಅಪ್ಪನಿಗೆ ಯಂತ್ರ ಅರ್ಥವಾಗಲಿಲ್ಲ, ಆ ಮಾತು ಅರ್ಥವಾಯಿತು. ಅವರ ಮುಖ ಸಣ್ಣಗಾಯಿತು. ಎದ್ದೇಳು, ಗುಡಿಗೆ ಹೋಗೋಣ ಎಂದರು.

ನಮ್ಮಲ್ಲಿ ದೇವರ ಅಪ್ಪಣೆ ಕೇಳುವುದು ಹೂವಿನಿಂದ. ಪೂಜಾರಿ ದೇವರ ಎಡಕ್ಕೂ ಬಲಕ್ಕೂ ಹೂವು ಇಡುತ್ತಾರೆ. ಮನಸ್ಸಿನ ಮಾತು ಕೇಳಿಕೊಂಡು ಕಾಯಬೇಕು. ಬಲದ ಹೂವು ಬಿದ್ದರೆ ಆಯಿತು, ಎಡದ್ದು ಬಿದ್ದರೆ ಇಲ್ಲ. ನನ್ನ ಕೈ ಬರುತ್ತದಾ ಇಲ್ಲವಾ ಎಂದು ಕೇಳಿಬಿಡುತ್ತೇನೆ ಎಂದೆ. ಅಪ್ಪ ತೋಳು ಹಿಡಿದು ತಡೆದರು.

“ಅದ್ನ ಕೇಳ್ಬ್ಯಾಡ. ಇಲ್ಲ ಅಂದ್ಬುಟ್ರೆ ಆಮ್ಯಾಕೆ ಎಲ್ಲಿಗೋಗಾನ? ನಾನು ಬ್ಯಾರೆ ಕೇಳ್ತೀನಿ ಇರು.”

ಅಪ್ಪ ಮುಂದೆ ಹೋಗಿ ಕೈ ಮುಗಿದು ಗಟ್ಟಿಯಾಗಿಯೇ ಕೇಳಿದರು.

“ಸ್ವಾಮಿ, ನಮ್ಮಪ್ಪ ಊದ್ತಿದ್ದ ಗಣೆ ಒಡ್ದೋಗಿ ಮನ್ಯಾಗೈತೆ. ಅದ್ನ ಸೀಳಿ ನನ್ ಮಗನ ಕೈಗೆ ದಬ್ಬೆ ಕಟ್ಲಾ? ಒಪ್ಗೆ ಇದ್ರೆ ಬಲಕ್ಕೆ ಕೊಡು.”

ಒಡೆದ ಗಣೆಯನ್ನು ನಮ್ಮ ಮನೆಯಲ್ಲಿ ಒಲೆಗೆ ಹಾಕುವುದಿಲ್ಲ, ಬಿಸಾಡುವುದಿಲ್ಲ, ಅದಕ್ಕೆ ಚಾಕು ಮುಟ್ಟಿಸುವ ಮಾತೇ ಇಲ್ಲ. ತಾತನ ಕಾಲದಿಂದ ಅದು ಜಂತೆಗೆ ತೂಗಿಕೊಂಡಿತ್ತು. ಕುರಿಯ ಕಾಲು ಮುರಿದರೆ ಬಿದಿರಿನ ದಬ್ಬೆ ಕಟ್ಟುವುದು ಅಪ್ಪನಿಗೆ ದಿನದ ಕೆಲಸ, ಅದಕ್ಕೆ ಬೇಲಿಯ ಬಿದಿರು ಸಾಕು. ಮಗನಿಗೆ ಮಾತ್ರ ದೇವರ ಬಿದಿರೇ ಬೇಕೆಂದು ಹೊರಟಿದ್ದರು. ಹೂವು ಬಹಳ ಹೊತ್ತು ಅಲುಗಲಿಲ್ಲ. ಪೂಜಾರಿ ಗಂಟೆ ಬಾರಿಸುತ್ತಲೇ ಇದ್ದರು. ಅಪ್ಪ ಕಣ್ಣು ಮುಚ್ಚಿರಲಿಲ್ಲ, ಎದುರಿಗೆ ನಿಂತವರನ್ನು ನೋಡುವ ಹಾಗೆ ದೇವರನ್ನು ನೋಡುತ್ತಿದ್ದರು. ಬಲದ ಹೂವು ಜಾರಿ ಬಿತ್ತು.

ಮನೆಗೆ ಬಂದು ಗಣೆ ಇಳಿಸಿ ಸೀಳಿದರು. ಅಂಚು ಚುಚ್ಚದಂತೆ ನಯ ಮಾಡಿ, ಮಣಿಕಟ್ಟಿನ ಅಡಿಗೆ ಇಟ್ಟು ಕಂಬಳಿಯ ನೂಲಿನಿಂದ ಸುತ್ತಿದರು. ಡಾಕ್ಟರು ಕಟ್ಟಿದ್ದೂ ಇದೇ ರೀತಿ, ಇದೇ ಜಾಗಕ್ಕೆ. ಅದನ್ನು ಬಿಚ್ಚಿ ಎಸೆಯಲು ನನಗೆ ಧೈರ್ಯವಿತ್ತು, ಇದನ್ನು ಬಿಚ್ಚಲು ಇರಲಿಲ್ಲ.

ಕೈ ನೆಟ್ಟಗೆ ನಿಂತಿತು. ಅಪ್ಪ ಕೀಬೋರ್ಡನ್ನು ತೊಡೆಯ ಮೇಲೆ ಇಟ್ಟರು. ಅದರೊಳಗೆ ಏನೂ ಇರಲಿಲ್ಲ, ಗುಂಡಿ ಒತ್ತಿದರೆ ವಾಪಸು ಬರುವಂಥದ್ದು ಒಂದೂ ಉಳಿದಿರಲಿಲ್ಲ. ಬೇರೆ ದಾರಿ ಇಲ್ಲದೆ ಬೆರಳು ಊರಿದೆ. ಮಣಿಕಟ್ಟಿಗೆ ಆಸರೆ ಸಿಕ್ಕಿದ್ದರಿಂದಲೋ ಏನೋ, ಬೆರಳು ಬಾಗಿ ಕೀಬೋರ್ಡಿನ ಸ್ವರದ ಮನೆಯೊಂದು ಕೆಳಗಿಳಿಯಿತು, ಸ್ವರ ಬಂತು. ಇನ್ನೊಂದು ಬಂತು. ಅಪ್ಪ ಬೆಳಿಗ್ಗೆ ಕುರಿ ಬಿಡುವ ಹೊತ್ತಿಗೆ ಗಣೆಯಲ್ಲಿ ಊದುತ್ತಿದ್ದ ಒಂದು ಸಣ್ಣ ಧಾಟಿ ಉಂಟು, ಚಿಕ್ಕಂದಿನಿಂದ ಕೇಳಿದ್ದು. ತಡವರಿಸುತ್ತಾ, ನಿಲ್ಲುತ್ತಾ, ಅದನ್ನು ಕೊನೆಯವರೆಗೆ ನುಡಿಸಿದೆ. ನೆನಪಿಗೆ ಹಾಕುವ ಗುಂಡಿಯನ್ನು ಒತ್ತಿ ಮತ್ತೊಮ್ಮೆ ನುಡಿಸಿದೆ. ಬರಿದಾದ ಯಂತ್ರಕ್ಕೆ ಮೊದಲು ಸೇರಿದ್ದು ಅದೇ.

ಸರೋಜ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಪ್ಪ, ಕುರಿ ಬಿಡೋ ಹೊತ್ತಾತು ಎನ್ನುತ್ತಾ ಎದ್ದು ಹೋದರು.

ಅದೇ ವಾರ ಕೊರಟಗೆರೆಯಲ್ಲಿ ಆರತಕ್ಷತೆ. ಒಳಗಿನದೆಲ್ಲ ಹೋಯಿತೆಂದು ಹೇಳಿದಾಗ ಬಾಷಾ ಹಣೆ ಹಣೆ ಚಚ್ಚಿಕೊಂಡ. ಛತ್ರದಲ್ಲಿ ಜನ ಸೇರಿಯಾಗಿತ್ತು. ನಾನು ದಬ್ಬೆ ಕಟ್ಟಿದ ಕೈಯನ್ನು ಶಾಲಿನಿಂದ ಹೊರಗೆ ತೆಗೆದು ಕೀಬೋರ್ಡಿನ ಮೇಲಿಟ್ಟೆ. ಅವನು ಅದನ್ನು ನೋಡಿದ, ಬೈಗುಳ ಅರ್ಧಕ್ಕೆ ನಿಂತಿತು.

“ನಾನು ನಿಧಾನಕ್ಕೆ ಬಾರಿಸ್ತೀನಿ. ನೀನು ಎಲ್ಲಿ ನಿಂತ್ರೆ ನಾನೂ ಅಲ್ಲೇ ನಿಲ್ತೀನಿ ಭಾಯ್,” ಎಂದ.

ಹಾಗೆಯೇ ಮಾಡಿದ. ಅಪ್ಪನ ಧಾಟಿಯಿಂದ ಶುರುಮಾಡಿ, ಪಿಟೀಲು ಸಿತಾರ್ ಯಾವುದೂ ಇಲ್ಲದೆ, ಬರೀ ಹಾಡಿನ ಎಳೆ ಹಿಡಿದುಕೊಂಡು ಹೋದೆವು. ತಪ್ಪುಗಳಿಗೆ ಲೆಕ್ಕವಿಲ್ಲ. ಊಟದ ಹೊತ್ತಿಗೆ ಮದುಮಗನ ಸೋದರಮಾವ ಬಂದು, ಇವತ್ತು ನಿಮ್ಮ ತಂಡದ ಹಾಡು ಕಿವಿಗೆ ಹಿತವಾಗಿದೆ, ಮಾತಾಡುವವರಿಗೆ ಮಾತೂ ಕೇಳಿಸುತ್ತದೆ ಎಂದು ಹೊಗಳಿ ಹೋದರು.

ಆಮೇಲೆ ದಿನವೂ ಕೂತೆ. ಅಳಿಸಿಹೋದ ಒಂದೊಂದು ತುಣುಕನ್ನೂ ದಬ್ಬೆ ಕಟ್ಟಿದ ಕೈಯಿಂದಲೇ ಮತ್ತೆ ತುಂಬಿಸಬೇಕಿತ್ತು. ಎಡಗೈಗೆ ಆ ದಾರಿಗಳು ಗೊತ್ತಿರಲಿಲ್ಲ. ಹೀಗೆ ದೀಪಾವಳಿ ಕಳೆಯಿತು. ಕಾರ್ತಿಕದ ಒಂದು ಬೆಳಿಗ್ಗೆ ಡಾಕ್ಟರಿಗೆ ತೋರಿಸಲು ತುಮಕೂರಿಗೆ ಹೊರಟೆ. ಸ್ನಾನದಲ್ಲಿ ನೂಲು ನೆನೆದಿದ್ದರಿಂದ ದಬ್ಬೆಯನ್ನು ಬಿಚ್ಚಿ ಚೀಲದಲ್ಲಿಟ್ಟುಕೊಂಡಿದ್ದೆ. ಮಧುಗಿರಿ ಬಸ್ ಸ್ಟಾಂಡ್ ತಲುಪುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತ್ತು. ಎಡಗೈಯಲ್ಲಿ ಚೀಲ. ಓಡುತ್ತಾ ಬಲಗೈ ಎತ್ತಿದೆ.

ಬಸ್ಸು ನಿಂತಿತು. ನಾನೂ ನಿಂತೆ. ನನ್ನ ಅಂಗೈ ಗಾಳಿಯಲ್ಲಿ ನೆಟ್ಟಗೆ ನಿಂತಿತ್ತು. ಅದನ್ನೇ ನೋಡುತ್ತಾ ರಸ್ತೆಯ ನಡುವೆ ಅಲ್ಲಾಡದೆ ನಿಂತುಬಿಟ್ಟೆ. ಕಂಡಕ್ಟರು ಬಾಗಿಲಿನಿಂದ ತಲೆ ಹೊರಹಾಕಿದ.

“ಹತ್ತಂಗಿದ್ರೆ ಹತ್ತಪ್ಪ. ಹತ್ತಂಗಿಲ್ದಿದ್ರೆ ಯಾಕೆ ಕೈ ಎತ್ತಿದೆ?”

ಅಳುತ್ತಲೇ ಬಸ್ಸು ಹತ್ತಿದೆ.

ಡಾಕ್ಟರು ಕೈ ತಿರುಗಿಸಿ ನೋಡಿ, ನರ ಜೀವ ಹಿಡಿದಿದೆ, ಕಟ್ಟಿಕೊಂಡು ಬೆರಳು ಆಡಿಸಿದ್ದು ಒಳ್ಳೆಯದಾಯಿತು, ನಾನು ಹೇಳಿರಲಿಲ್ಲವೇ ಎಂದರು. ಹೇಳಿದ್ದರು, ನಿಜ. ಅವರ ಮಾತನ್ನು ನಾನು ಅಟ್ಟಕ್ಕೆ ಎಸೆದಿದ್ದೆ. ಆ ಮಾತನ್ನೇ ಗಣೆಯ ರೂಪದಲ್ಲಿ ನನ್ನ ಕೈಗೆ ಮತ್ತೆ ಕಟ್ಟಿಸಿದವನು ಜುಂಜಪ್ಪ. ಒಳಗಿನದು ಅಳಿಯದಿದ್ದರೆ ನಾನು ಇವತ್ತಿಗೂ ಗುಂಡಿ ಒತ್ತಿಕೊಂಡು, ಬಲಗೈಗೆ ಶಾಲು ಮುಚ್ಚಿಕೊಂಡೇ ಕೂತಿರುತ್ತಿದ್ದೆ. ಅಪ್ಪ ಆ ಸೆಲ್ಲು ತೆಗೆದದ್ದು ತಿಳಿಯದೆ. ತೆಗೆಸಿದವನಿಗೆ ತಿಳಿದಿತ್ತು ಎಂದು ನಾನು ನಂಬಿದ್ದೇನೆ.

ಈಗ ಎರಡು ಆಯುಧಪೂಜೆ ಕಳೆದಿವೆ. ಎರಡು ಸಲವೂ ಹಟ್ಟಿಗೆ ಹೋಗಿ ನಾನೇ ಸೆಲ್ಲು ತೆಗೆದು ತಟ್ಟೆಯಲ್ಲಿ ಸಾಲಾಗಿ ಇಟ್ಟಿದ್ದೇನೆ. ವರ್ಷವಿಡೀ ತುಂಬಿಸಿದ್ದೆಲ್ಲ ಹೋಗುತ್ತದೆ. ಬಾಷಾ ಪ್ರತಿ ಸಲವೂ ಹಣೆ ಚಚ್ಚಿಕೊಳ್ಳುತ್ತಾನೆ. ಹೋಗಲಿ ಬಿಡು, ಮತ್ತೆ ನುಡಿಸುವ ಕೈ ಇದೆಯಲ್ಲ ಎನ್ನುತ್ತೇನೆ. ಮಾರನೆಯ ಬೆಳಿಗ್ಗೆ ಸೆಲ್ಲು ಹಾಕಿ ಮೊದಲು ಅಪ್ಪನ ಧಾಟಿ ನುಡಿಸಿ, ಆಮೇಲೆ ಗುಡಿಗೆ ಹೋಗುತ್ತೇನೆ. ದೇವರ ಮುಂದೆ ನಾನು ಈಗ ಏನನ್ನೂ ಕೇಳುವುದಿಲ್ಲ. ಎರಡು ಅಂಗೈಯನ್ನೂ ಒಂದಕ್ಕೊಂದು ಕೂಡಿಸಿ, ಬೀಳದೆ ನಿಂತಿವೆಯಾ ಎಂದು ನೋಡುತ್ತಾ, ಪೂಜಾರಿ ಸಾಕು ಬಾರಪ್ಪ ಎನ್ನುವವರೆಗೂ ನಿಂತಿರುತ್ತೇನೆ.